ಬಬಲೇಶ್ವರದಲ್ಲಿ ಒಂದೇ ದಿನ ನಡೆದ ಕಂಪ್ಯೂಟರು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇಡೀ ಜಿಲ್ಲೆಯಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ ಎಂದು ನಾನು ತಿಳಿದುಕೊಂಡಿದ್ದೆ. ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಆಗ ಯಾರನ್ನೂ ಕೇಳಿ ನೋಡಲಿಲ್ಲ. ಕೇಳಿದರೆ ಇನ್ನೊಬ್ಬರು ಸಿಕ್ಕಿಬಿಟ್ಟಾರು ಎಂಬ ಅಂಜಿಕೆ.

ಈಗಿನ ವಿಜಯಪುರವನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ಅಲ್ಲಿಯ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಗಣಿತ ಹೇಳಿಕೊಡುವ ಕೆಲಸ ನನ್ನದು. ಒಂದು ಬೇಸಿಗೆಯಲ್ಲಿ ಕಾಲೇಜಿನವರು ನನ್ನನ್ನು ಮುಂಬೈಗೆ ತರಬೇತಿಗೆ ಕಳಿಸಿದರು. ಅಲ್ಲಿ ಒಂದು ತಣ್ಣನೆಯ ಕೋಣೆ ತುಂಬ ಆ ಯಂತ್ರ ಕೂತಿತ್ತು. ದೇವರ ಮನೆಗೆ ಹೋದ ಹಾಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ಅದರ ಕೀಲಿಗಳನ್ನು ಮುಟ್ಟುವ ಭಾಗ್ಯ ಬಂದದ್ದು ಅಪರೂಪಕ್ಕೆ. ಉಳಿದ ದಿನವೆಲ್ಲ ಕಪ್ಪು ಹಲಗೆಯ ಮೇಲೆಯೇ ಕಂಪ್ಯೂಟರು. ಆದರೆ ಊರಿಗೆ ಬಂದು ಇಳಿದಾಗ ನನ್ನ ನಡಿಗೆ ಬೇರೆಯೇ ಆಗಿತ್ತಂತೆ. ನಾನು ಬಾಡಿಗೆಗಿದ್ದ ಖೋಲಿಯ ಮಾಲಕಿ ಹೇಳಿದ ಮಾತು ಅದು.

ಟಿಕೋಟಾದಲ್ಲಿ ನನ್ನ ಅಪ್ಪನದು ಅರಿವೆ ಅಂಗಡಿ. ಕುಪ್ಪಸದ ಕಣ ಅಳೆಯುತ್ತ ಅಳೆಯುತ್ತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: "ನನ್ನ ಮಗಳು ಮಶೀನ ಜೋಡಿ ಮಾತಾಡಿ ಬಂದಾಳ್ರಿ. ಅದು ಇಂಗ್ಲೀಷಿನ್ಯಾಗ ಉತ್ತರಾ ಕೊಟ್ಟೈತಿ."

ಉತ್ತರ ಕೊಟ್ಟದ್ದು ನಿಜ. ಬಹುತೇಕ ನಾನು ತಪ್ಪು ಮಾಡಿದ್ದೇನೆ ಎಂಬ ಉತ್ತರವೇ. ಅದನ್ನು ಅಪ್ಪನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಅಪ್ಪನ ಗಿರಾಕಿಗಳಲ್ಲಿ ಬಬಲೇಶ್ವರದ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರೂ ಒಬ್ಬರು. ತುಂಬ ಶಿಸ್ತಿನ ಮನುಷ್ಯ. ತಲೆಯ ಮೇಲೆ ಸದಾ ಕರಿ ಟೊಪ್ಪಿಗೆ. ಆ ಟೊಪ್ಪಿಗೆ ಓಣಿಯ ತುದಿಯಲ್ಲಿ ಕಂಡರೆ ಸಾಕು, ಗೋಲಿ ಆಡುವ ಹುಡುಗರು ಗೋಲಿ ಬಿಟ್ಟು ಓಡುತ್ತಿದ್ದರಂತೆ. ಒಂದು ರವಿವಾರ ಅವರು ಅಂಗಡಿಗೆ ಬಂದಾಗ ನಾನೂ ಅಲ್ಲೇ ಕೂತಿದ್ದೆ.

"ಅಕ್ಕೋರ, ಒಂದ ದಿನ ನಮ್ಮ ಸಾಲಿಗೆ ಬರ್ರಿ," ಎಂದರು. "ಆ ಕಂಪ್ಯೂಟರ ಅಂದ್ರ ಏನಂತ ನಮ್ಮ ಮಾಸ್ತರಗೋಳಿಗೆ ತಿಳಿಸಿ ಹೇಳ್ರಿ. ಮುಂದಿನ ವಾರ ಇನ್ಸ್‌ಪೆಕ್ಷನ್ನಿಗೆ ಸಾಹೇಬ್ರು ಬರಾವ್ರದಾರ. ಅವರಿಗೂ ಒಂದು ಹೊಸಾ ಚೀಜ ತೋರಿಸಿದಂಗ ಆಕ್ಕೈತಿ."

ಇನ್ನೊಬ್ಬರಾಗಿದ್ದರೆ ಯೋಚಿಸಿ ಹೇಳುತ್ತೇನೆ ಅನ್ನುತ್ತಿದ್ದರು. ನಾನು ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡಿದ್ದೆ.

ಏನು ಹೇಳಬೇಕೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮುಂಬೈಯಲ್ಲಿ ನನ್ನ ಮನಸ್ಸು ಹಿಡಿದದ್ದು ಒಂದೇ ಸಂಗತಿ. ಒಂದೇ ಯಂತ್ರ, ಹತ್ತಾರು ಜನ ಅದಕ್ಕೆ ಒಮ್ಮೆಲೇ ಕೆಲಸ ಹಚ್ಚುತ್ತಾರೆ. ಒಬ್ಬರ ಬರಹವನ್ನು ಇನ್ನೊಬ್ಬರು ಅಳಿಸಬಾರದು. ಅದಕ್ಕೆಂದು ಯಂತ್ರದ ನಟ್ಟನಡುವೆ ಒಂದು ಯಜಮಾನ ಪ್ರೋಗ್ರಾಮು ಇರುತ್ತದೆ. ಅದರ ಹೆಸರು ಕರ್ನಲ್, ಅಂದರೆ ತಿರುಳು. ಓಡುತ್ತಿರುವ ಒಂದೊಂದು ಕೆಲಸಕ್ಕೂ ಪ್ರೋಸೆಸ್ ಎಂದು ಹೆಸರು. ಯಾವ ಪ್ರೋಸೆಸ್ ಯಾರ ಪರವಾಗಿ ಓಡುತ್ತಿದೆ ಎಂಬ ಗುರುತು ಕರ್ನಲ್ ಕೈಯಲ್ಲಿರುತ್ತದೆ. 'ನಾನು ಇಂಥವರ ಕಡೆಯವನು' ಎಂದು ಪ್ರೋಸೆಸ್ ತಾನೇ ಹೇಳಿಕೊಂಡರೆ ನಡೆಯುವುದಿಲ್ಲ. ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸಿದರೆ ಮಗುವಿಗೂ ಹೆತ್ತವರ ಗುರುತೇ ಬರುತ್ತದೆ. ಕೆಲವು ದೊಡ್ಡ ಕೆಲಸಗಳಿಗೆ ಸಾಮಾನ್ಯರ ಗುರುತು ಸಾಲದು. ಅಂಥ ಕಡೆ ದೊಡ್ಡವರ ಅಧಿಕಾರವನ್ನು ಅಷ್ಟು ಹೊತ್ತಿಗೆ ತೊಟ್ಟುಕೊಂಡು ಕೆಲಸ ಮಾಡುವ ವ್ಯವಸ್ಥೆ ಇದೆ. ಇಷ್ಟೂ ಸಾಲದೆಂದು, ಕರ್ನಲ್ ಹೂಂ ಅಂದರೂ ತನ್ನದೇ ಕಾನೂನು ನೋಡಿ ಒಲ್ಲೆ ಅನ್ನಬಲ್ಲ ಇನ್ನೊಬ್ಬ ಕಾವಲುಗಾರನನ್ನು ಇಡಬೇಕೆಂಬ ವಿಚಾರ ಆಗ ಹೊಸದಾಗಿ ಹೊರಟಿತ್ತು.

ಇದನ್ನು ಭಾಷಣ ಮಾಡಿದರೆ ಮಾಸ್ತರರು ಮಲಗಿಬಿಡುತ್ತಾರೆ. ಆಡಿಸಿ ತೋರಿಸಬೇಕು ಎಂದುಕೊಂಡೆ. ಮಾಸ್ತರರೇ ಕಂಪ್ಯೂಟರ್ ಆಗಲಿ! ಈ ವಿಚಾರ ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆರಗಾದೆ. ಅಪ್ಪನ ಅಂಗಡಿಯಿಂದ ಕೆಂಪು, ಹಸಿರು ಕಣದ ಚೂರುಗಳನ್ನು ತಂದು ಕೈಗೆ ಕಟ್ಟುವ ಪಟ್ಟಿ ಮಾಡಿದೆ. ನಿಯಮಗಳನ್ನು ಬಾಯಿಪಾಠ ಮಾಡಿಕೊಂಡೆ. ಬಬಲೇಶ್ವರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಗೂ ಒಂದೆರಡು ಹೇಳಿ ನೋಡಿದೆ. ಆಕೆ ತನ್ನ ಕೋಳಿಬುಟ್ಟಿಯನ್ನು ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡಳು.

ಶಾಲೆಯಲ್ಲಿ ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹಿಂದಿ ಮಾಸ್ತರರು ಬಂದು ನಿಂತರು. ಊರು ಮಮದಾಪುರ. ಹೊಸದಾಗಿ ಮದುವೆಯಾದ, ತೆಳ್ಳಗಿನ, ಬಹಳ ವಿನಯದ ಮನುಷ್ಯ.

"ಸರ, ಮನಿಗೆ ಬೀಗರು ಬಂದಾರ್ರಿ. ಹೊಲದಾಗ ಸೀತನಿ ಸುಡಾಕತ್ತಾರ. ಮಧ್ಯಾಹ್ನದ ಬಸ್ಸಿಗೆ ಹೋಗಿ ಬರ್ತೇನ್ರಿ," ಎಂದರು. ಜೋಳ ಹಾಲು ತುಂಬಿದ್ದ ದಿನಗಳು. ಎಳೆಯ ತೆನೆ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ, ಶೇಂಗಾ ಹಿಂಡಿಯ ಜೊತೆ ತಿನ್ನುವ ಸುಖ ನಮ್ಮ ಕಡೆಯವರಿಗೇ ಗೊತ್ತು.

"ಸಾಹೇಬ್ರು ಬರೂ ದಿನಾನ ನಿನಗ ಸೀತನಿ ನೆನಪಾತೇನಪಾ?" ಎಂದರು ಹೆಡ್‌ಮಾಸ್ತರರು. "ಹೋಗು, ಕ್ಲಾಸ್ ನೋಡ್ಹೋಗು."

ಹಿಂದಿ ಮಾಸ್ತರರು ತಲೆ ತಗ್ಗಿಸಿ ಹೋದರು. ನನಗೆ ಪಾಪ ಅನ್ನಿಸಿತು. ಮುಂದೆ ಪಾತ್ರ ಹಂಚುವಾಗ ಅವರಿಗೊಂದು ಒಳ್ಳೆಯ ಪಾತ್ರ ಕೊಟ್ಟದ್ದೂ ಆ ಪಾಪದಿಂದಲೇ.

ಮಕ್ಕಳಿಗೆ ಲೆಕ್ಕ ಹಚ್ಚಿ ಕೂರಿಸಿ ಮಾಸ್ತರರೆಲ್ಲ ದೊಡ್ಡ ಕೋಣೆಯಲ್ಲಿ ಸೇರಿದರು. ಕರ್ನಲ್ ಪಾತ್ರಕ್ಕೆ ದೊಡ್ಡ ದನಿಯವರು ಬೇಕೆಂದು ಡ್ರಿಲ್ ಮಾಸ್ತರರನ್ನು ಆರಿಸಿದೆ. ಅವರು ಫೌಜಿನಿಂದ ಬಂದವರು.

"ಕರ್ನಲ್ ಅಂದ್ರ ಫೌಜಿನ ಕರ್ನಲ್ ಏನ್ರಿ?" ಎಂದು ಕೇಳಿದರು.

"ಅಲ್ರಿ, ಇದು ಬ್ಯಾರೆ. ತಿರುಳು ಅಂತ ಅರ್ಥ."

"ತಿರುಳು ಗಿರುಳು ಬ್ಯಾಡ್ರಿ ಅಕ್ಕೋರ. ಹವಾಲ್ದಾರ ಆಗಿ ರಿಟೈರ್ ಆಗೇನಿ. ಕರ್ನಲ್ ಅಂದ್ರ ನಾ ತಯಾರ್."

ನಡುವಿನ ಮೇಜಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟರು. ನಾನು ಎಲ್ಲರ ಕೈಗೂ ಪಟ್ಟಿ ಕಟ್ಟಿದೆ, ಕರ್ನಲ್‌ಗೆ ಕೆಂಪು, ಉಳಿದ ಸಾಮಾನ್ಯರಿಗೆಲ್ಲ ಹಸಿರು. ಅಧಿಕಾರದ ಗುರುತಾಗಿ ಹೆಡ್‌ಮಾಸ್ತರರ ಕರಿ ಟೊಪ್ಪಿಗೆಯನ್ನೇ ಕೇಳಿದೆ. ಅವರು ಹಿಂದೆಮುಂದೆ ನೋಡಿ, ಅಪ್ಪನ ಮುಖ ನೆನೆದು ತೆಗೆದುಕೊಟ್ಟರು. ಅವರ ಬೋಳುತಲೆಯನ್ನು ಅಲ್ಲಿದ್ದವರು ಯಾರೂ ಅದಕ್ಕೂ ಮೊದಲು ನೋಡಿರಲಿಲ್ಲ. 

ಇನ್ನು ಕಾವಲು. ಮೂಲೆಯಲ್ಲಿ ಹೊಲಿಗೆ ಅಕ್ಕೋರು ಕೂತಿದ್ದರು. ಇಟ್ಟಂಗಿಹಾಳದಿಂದ ದಿನಾ ಬಂದುಹೋಗುವ, ಸದ್ದಿಲ್ಲದ ಹೆಂಗಸು. ಮಾತಾಡದವರಿಗೆ ಬಾಗಿಲ ಪಾತ್ರವೇ ಸರಿ ಎಂದು ನನ್ನ ಲೆಕ್ಕ.

"ಕೈಯ್ಯಾಗ ಪಟ್ಟಿ ಇಲ್ಲದವರನ್ನ ಒಳಗ ಬಿಡಬ್ಯಾಡ್ರಿ," ಎಂದೆ.

"ಯಾರ ಬಂದ್ರೂನ್ರಿ?"

"ಬ್ರಹ್ಮದೇವ್ರು ಬಂದ್ರೂ ಬಿಡಬ್ಯಾಡ್ರಿ."

ಆಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಹೋಗಿ ನಿಂತರು.

ಆಟ ಬಹಳ ಚೆನ್ನಾಗಿ ಶುರುವಾಯಿತು. ಗಣಿತ ಮಾಸ್ತರರು ಎದ್ದು, ಅಂಗಳದ ಗಂಟೆಯನ್ನು ಒಂದು ಪೆಟ್ಟು ಹೊಡೆಸಬೇಕು ಎಂದು ಕರ್ನಲ್‌ಗೆ ಅರ್ಜಿ ಹಾಕಿದರು. ಕರ್ನಲ್ ಅವರ ಪಟ್ಟಿ ನೋಡಿ, "ಹಸಿರು! ಹುಕುಂ ಇಲ್ಲ! ಪೀಛೇ ಮುಡ್!" ಎಂದು ಗರ್ಜಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಗಂಟೆ ಹೊಡೆಸುವ ಹಕ್ಕು ಹೆಡ್‌ಮಾಸ್ತರರದು. ಅವರು ಒಪ್ಪಿದ ಪ್ರೋಗ್ರಾಮಿನ ಮೂಲಕ ಬಂದರೆ ಅವರ ಅಧಿಕಾರ ತೊಟ್ಟುಕೊಳ್ಳಬಹುದು ಎಂದು ವಿವರಿಸಿದೆ. ಟೊಪ್ಪಿಗೆ ಗಣಿತ ಮಾಸ್ತರರ ತಲೆ ಏರಿತು. ಈಗ ಈ ಪ್ರೋಸೆಸ್ ಒಂದು ಮಗುವನ್ನು ಹುಟ್ಟಿಸುತ್ತದೆ, ಮಗುವಿಗೂ ಅದೇ ಅಧಿಕಾರ ಎಂದೆ. ಗಣಿತ ಮಾಸ್ತರರು ನಾಚಿಕೊಂಡು ಹಿಂದಿ ಮಾಸ್ತರರನ್ನು ಹುಟ್ಟಿಸಿದರು. ಕರ್ನಲ್ ಹುಕುಂ ಮಾಡಿ ಟೊಪ್ಪಿಗೆಯನ್ನು ಹಿಂದಿ ಮಾಸ್ತರರ ತಲೆಗೆ ಹಾಕಿಸಿದರು. ಹೆಡ್‌ಮಾಸ್ತರರೂ ನಗುತ್ತಿದ್ದರು.

ಆಗ ಹೊರಗೆ ಜೀಪಿನ ಸದ್ದಾಯಿತು. ಸಾಹೇಬರು ಬಂದರು. "ನೀವು ನಡಸ್ರಿ, ನಾ ಕರಕೊಂಡು ಬರ್ತೇನಿ," ಎಂದು ನಾನೇ ಓಡಿದೆ. ನನ್ನ ಆಟವನ್ನು ಅವರಿಗೆ ಮೊದಲು ನಾನೇ ವರ್ಣಿಸಬೇಕೆಂಬ ಚಪಲ. ಗೇಟಿನಿಂದ ಬಾಗಿಲ ತನಕ ವರ್ಣಿಸುತ್ತಲೇ ಬಂದೆ. ಸಾಹೇಬರು ಬೆವರು ಒರೆಸಿಕೊಳ್ಳುತ್ತ ಹೂಂ ಹೂಂ ಅನ್ನುತ್ತಿದ್ದರು.

ಬಾಗಿಲಲ್ಲಿ ಹೊಲಿಗೆ ಅಕ್ಕೋರು ಎರಡೂ ಕೈ ಚೌಕಟ್ಟಿಗೆ ಆನಿಸಿ ನಿಂತರು.

"ಪಟ್ಟಿ ತೋರಸ್ರಿ."

"ಇನ್ಸ್‌ಪೆಕ್ಷನ್ನಿಗೆ ಬಂದೇನಿ," ಎಂದರು ಸಾಹೇಬರು.

"ಬ್ರಹ್ಮದೇವ್ರು ಬಂದ್ರೂ ಬಿಡಬ್ಯಾಡ ಅಂತ ಹೇಳ್ಯಾರ್ರಿ."

"ಯಾರು ಹೇಳ್ಯಾರ?"

"ಇವ್ರೇ," ಎಂದು ನನ್ನ ಕಡೆ ಬೆರಳು ಮಾಡಿದರು.

ನಾನು ನಕ್ಕೆ. "ಹೌದ್ರಿ, ನಾನೇ ಹೇಳೇನಿ. ಈಗ ನಾನೇ ಬಿಡ್ರಿ ಅಂತ ಹೇಳಾಕತ್ತೇನಿ."

ಆಕೆ ನನ್ನ ಮಣಿಕಟ್ಟನ್ನು ನೋಡಿದರು. "ನಿಮ್ಮ ಕೈಯ್ಯಾಗೂ ಪಟ್ಟಿ ಇಲ್ರಿ, ಅಕ್ಕೋರ."

ನೋಡಿಕೊಂಡೆ. ನಿಜವಾಗಿಯೂ ಇರಲಿಲ್ಲ. ಎಲ್ಲರಿಗೂ ಕಟ್ಟಿದ್ದೆ, ನನಗೂ ಒಂದು ಬೇಕೆಂಬುದು ಹೊಳೆದೇ ಇರಲಿಲ್ಲ. ನಿಯಮ ಮಾಡುವವಳಿಗೆ ನಿಯಮ ಯಾಕೆ ಎಂದು ನನ್ನೊಳಗಿನ ಸೊಕ್ಕು ತಾನೇ ತೀರ್ಮಾನ ಮಾಡಿಕೊಂಡಿತ್ತು. ನಾನು ಕಟ್ಟಿದ ಕಂಪ್ಯೂಟರಿನಲ್ಲಿ ನಾನು ಇರಲೇ ಇಲ್ಲ.

ಅಷ್ಟರಲ್ಲಿ ಹಿಂದಿ ಮಾಸ್ತರರು ಟೊಪ್ಪಿಗೆ ಹಾಕಿಕೊಂಡು ಒಳಗಿನಿಂದ ಬಂದರು. ಹೊಲಿಗೆ ಅಕ್ಕೋರು ಕೈ ತೆಗೆದು ದಾರಿ ಬಿಟ್ಟರು. ಒಳಗೆ ಬರುವವರಿಗೆ ಕಾನೂನು ಹೇಳಿದ್ದೆನೇ ಹೊರತು ಹೊರಗೆ ಹೋಗುವವರ ಬಗ್ಗೆ ಏನೂ ಹೇಳಿರಲಿಲ್ಲ. "ನಮಸ್ಕಾರ್ರಿ ಅಕ್ಕೋರ," ಎಂದು ಬಗ್ಗಿ ಹೋದರು. ಆಟ ನಡೆದಿದೆ ಎಂದು ನಾನು ಹಿಗ್ಗಿ ಸಾಹೇಬರಿಗೆ ಹೇಳಿದೆ: "ನೋಡ್ರಿ, ಅಧಿಕಾರ ಹೊಂಟೈತಿ."

ಅಧಿಕಾರ ಅಂಗಳದಲ್ಲಿ ಗಂಟೆ ತೂಗುಹಾಕಿದ್ದ ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಅಲ್ಲಿ ಕೂತಿದ್ದ, ಶಾಲೆಯ ಗಂಟೆ ಹೊಡೆಯುವ ಸಿಪಾಯಿ ಟೊಪ್ಪಿಗೆ ನೋಡಿದ್ದೇ ಎದ್ದು ನಿಂತ. ಏನು ಮಾತಾಯಿತೋ ಕೇಳಲಿಲ್ಲ. ನಾನು ಹೇಳಿದ್ದು ಒಂದೇ ಪೆಟ್ಟು. ಸಿಪಾಯಿ ಹೊಡೆದದ್ದು ಮನೆಗೆ ಬಿಡುವ ಉದ್ದ ಗಂಟೆ, ಢಣಢಣ ಎಂದು, ಕೈ ನೋಯುವ ತನಕ.

ಎಲ್ಲ ಕೋಣೆಗಳ ಬಾಗಿಲೂ ಒಡೆದ ಕೆರೆಯಾದವು. ಮಕ್ಕಳು ಚೀಲ ಎತ್ತಿಕೊಂಡು ಕೂಗುತ್ತ ನಮ್ಮ ಎಡಬಲದಿಂದ ಓಡಿದರು. ಸಾಹೇಬರ ಕನ್ನಡಕದ ಮೇಲೆ ಧೂಳು ಕೂತಿತು. ಆ ಧೂಳಿನಾಚೆ ರಸ್ತೆಯ ಮೇಲೆ ಮಮದಾಪುರದ ಬಸ್ಸು ಹಾರ್ನ್ ಹಾಕಿತು. ಅದರ ಕಿಟಕಿಯಲ್ಲಿ ಕರಿ ಟೊಪ್ಪಿಗೆ ನೆಟ್ಟಗೆ ಕೂತು ಹೊರಟುಹೋಯಿತು.

ಕೋಣೆಯ ಕಿಟಕಿಯ ಸರಳು ಹಿಡಿದು ಸಾಹೇಬರೂ ನಾನೂ ಒಳಗೆ ಇಣುಕಿದೆವು. ಹೆಡ್‌ಮಾಸ್ತರರು ಬೋಳುತಲೆಯಲ್ಲಿ ಎದ್ದು ಬಾಗಿಲ ಕಡೆ ಧಾವಿಸುತ್ತಿದ್ದರು. ಮೇಜಿನ ಮೇಲಿಂದ ಕರ್ನಲ್ ತಡೆದರು.

"ಕುಂಡ್ರಿ! ಯಾರ ಪರವಾಗಿ ಹೊಂಟೀರಿ?"

"ಲೇ, ನಾ ಹೆಡ್‌ಮಾಸ್ತರ ಇದ್ದೇನಿ!"

"ಟೊಪ್ಪಿಗಿ ಎಲ್ಲೈತ್ರಿ?"

"ನೀನೇ ಅಲ್ಲೇನು ಅವನಿಗೆ ಹಾಕಿಸಿದಾಂವ?"

"ಹೌದ್ರಿ. ಈಗ ಹೆಡ್‌ಮಾಸ್ತರ್ರು ಮಮದಾಪುರಕ್ಕ ಹೊಂಟಾರ. ನೀವು ನಿಮ್ಮ ಜಾಗಾದಾಗ ಕುಂಡ್ರಿ."

ಎಷ್ಟು ವರ್ಷಗಳಿಂದ ಡ್ರಿಲ್ ಮಾಸ್ತರರು ಈ ಮಾತಿಗೆ ಕಾದಿದ್ದರೋ. ನಿಜದ ಯಂತ್ರದಲ್ಲಿ ಹೀಗಾಗುವುದಿಲ್ಲ. ಅಧಿಕಾರ ಎರವಲು ಕೊಟ್ಟವರ ಅಧಿಕಾರ ಅವರ ಬಳಿಯೂ ಉಳಿದಿರುತ್ತದೆ. ಇರುವುದೊಂದೇ ಟೊಪ್ಪಿಗೆ ಎಂಬುದು ನನ್ನ ಕಂಪ್ಯೂಟರಿನ ಬಡತನ. ಇನ್ನು, ಕೆಲಸ ಮುಗಿದ ಕೂಡಲೇ ಎರವಲು ತಂದದ್ದನ್ನು ಕಳಚಿಡಬೇಕು ಎಂಬುದು ಮುಂಬೈಯಲ್ಲಿ ಮೇಲಿಂದ ಮೇಲೆ ಹೇಳಿದ ಪಾಠ. ಅಷ್ಟೆಲ್ಲ ಬಾಯಿಪಾಠ ಮಾಡಿದವಳು ಆ ಒಂದನ್ನೇ ಬಿಟ್ಟಿದ್ದೆ.

"ಇವತ್ತ ಸಾಲಿ ಸೂಟಿ ಏನ್ರಿ?" ಎಂದು ಸಾಹೇಬರು ಕಿಟಕಿಯಿಂದ ಕೇಳಿದರು.

ಹೆಡ್‌ಮಾಸ್ತರರು ಸರಳಿನಾಚೆಯಿಂದ ಕೈ ಮುಗಿದರು. "ಇಲ್ರಿ ಸಾಹೇಬ್ರ. ಕಂಪ್ಯೂಟರ ನಡದೈತ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ವಿವರಿಸಲು ತೊಡಗಿದೆ. ಮಗು ಹುಟ್ಟಿದ್ದು, ಅಧಿಕಾರ ಬಂದದ್ದು, ಕಳಚುವ ನಿಯಮ ಮರೆತದ್ದು. ಹೇಳಿದಷ್ಟೂ ಅದು ಇನ್ನಷ್ಟು ಹುಚ್ಚರ ಮಾತಿನಂತೆ ಕೇಳತೊಡಗಿತು. ಸಾಹೇಬರು ಕೈ ಎತ್ತಿ, "ಗೊತ್ತೈತಿ, ಗೊತ್ತೈತಿ," ಎಂದರು. ಕಂಪ್ಯೂಟರ್ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಆ ಹೊತ್ತು ನನ್ನನ್ನು ಕಾಪಾಡಿದ್ದು ಅದೊಂದೇ.

ಕೊನೆಗೆ ಕರ್ನಲ್ ಅವರೇ ಮೇಜಿನ ಮೇಲಿಂದ ಹುಕುಂ ಮಾಡಿದರು: "ಸಾಹೇಬ್ರಿಗೆ ಪಟ್ಟಿ ಕಟ್ರಿ!" ಹೊಲಿಗೆ ಅಕ್ಕೋರು ತಮ್ಮ ಚೀಲದಿಂದ ಒಂದು ಅರಿವೆ ತೆಗೆದು, ಹಲ್ಲಿನಿಂದ ಹರಿದು, ರಾಖಿಯಂತೆ ಸಾಹೇಬರ ಕೈಗೆ ಕಟ್ಟಿದರು. ಅವರು ಒಳಗೆ ಹೋದರು. ಉಳಿದ ಚೂರನ್ನು ಎಲ್ಲರಿಗಿಂತ ಕೊನೆಗೆ ನನಗೆ ಕಟ್ಟಿದರು.

ಸಾಹೇಬರು ಖಾಲಿ ಬೆಂಚುಗಳ ತನಿಖೆ ನಡೆಸಿದರು. ಹಾಜರಿ ಕೇಳುವ ಹಾಗಿರಲಿಲ್ಲ, ಕೇಳಲಿಲ್ಲ. ಶೇಂಗಾ ಹೋಳಿಗೆ ತಿಂದು ಚಹಾ ಕುಡಿದರು. ಹೋಗುವಾಗ ನನ್ನನ್ನು ಹತ್ತಿರ ಕರೆದು, "ಇದು ನಮ್ಮ ಖಾತೇಕ ಬರೂದು ಬ್ಯಾಡ್ರಿ. ಈಗ ಇದ್ದ ಗೊಂದಲನ ನಮಗ ಸಾಕಾಗೈತಿ," ಎಂದರು. ಜೀಪು ಹತ್ತಿದಾಗಲೂ ಪಟ್ಟಿ ಅವರ ಕೈಯಲ್ಲೇ ಇತ್ತು. ಬಿಚ್ಚಿದರೆ ಮತ್ತೆ ಯಾರಾದರೂ ತಡೆದಾರು ಎಂದು ಅಂಜಿದರೋ ಏನೋ.

ಹೆಡ್‌ಮಾಸ್ತರರು ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಬೈಯುತ್ತಾರೆಂದು ನಾನು ಕಾದು ನಿಂತಿದ್ದೆ.

"ಇರ್ಲಿ ಬಿಡವಾ," ಎಂದರು ಮೆಲ್ಲಗೆ. "ಮಶೀನ ಅಂದಮ್ಯಾಲ ಒಮ್ಮೊಮ್ಮಿ ಕೆಡತೈತಿ."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ವಿಜಾಪುರದ ಬಸ್ಸಿಗಾಗಿ ನಾನು ಮತ್ತು ಹೊಲಿಗೆ ಅಕ್ಕೋರು ಒಟ್ಟಿಗೆ ನಿಂತೆವು. ಸಾಹೇಬರಿಗೆಂದು ಮಾಡಿದ ಹೋಳಿಗೆಯಲ್ಲಿ ಉಳಿದದ್ದನ್ನು ಆಕೆ ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದರು. ನಾನು ಸಿಟ್ಟಿನಲ್ಲಿ ಒಲ್ಲೆ ಎಂದೆ. ಆಮೇಲೆ ಹಸಿವು ತಡೆಯದೆ ಎರಡು ತಿಂದೆ.

"ಅಲ್ರಿ, ನಾನೇ ಬಂದು ಬಿಡ್ರಿ ಅಂದಾಗ್ರೇ ಬಿಡಬೇಕಿತ್ತಿಲ್ಲೋ?" ಎಂದು ಕೇಳಿಯೇಬಿಟ್ಟೆ.

ಆಕೆ ರಸ್ತೆಯನ್ನೇ ನೋಡುತ್ತ ಹೇಳಿದರು: "ಈ ಸಾಲಿ ಸೇರಿದಾಗಿಂದ ಎಲ್ಲಾರಿಗೂ ಹೂಂ ಅಂದೇನ್ರಿ. ಅಂಗಿಗುಂಡಿ ಹಚ್ಚಿಕೊಡ್ರಿ ಅಂದ್ರ ಹೂಂ, ಚಾ ಸೋಸ್ರಿ ಅಂದ್ರ ಹೂಂ, ನನ್ನ ಕ್ಲಾಸ್ ಬಿಟ್ಟುಕೊಡ್ರಿ ಅಂದ್ರ ಹೂಂ. ಇವತ್ತ ಮೊದಲನೇ ಸಲ ಒಲ್ಲೆ ಅನ್ನಾಕ ಅಪ್ಪಣಿ ಸಿಕ್ಕಿತ್ತು. ನೀವು ಬಂದ್ರಿ ಅಂತ ಅದನ್ನ ಬಿಡೂದು ಹೆಂಗ್ರಿ?"

 ಮಾತಾಡದವರು ಎಂದು ಬಾಗಿಲಿಗೆ ನಿಲ್ಲಿಸಿದ್ದೆನಲ್ಲ, ಅದನ್ನು ನೆನೆದು ಮೂರನೆಯ ಹೋಳಿಗೆಗೆ ಕೈ ಹಾಕಿದೆ. ಆಕೆ ನಕ್ಕರು. ಆಮೇಲೆ ಬಹಳ ವರ್ಷ ನಾವು ಗೆಳತಿಯರಾಗಿ ಉಳಿದೆವು. ನನ್ನ ಮಾತಿಗೆ ಆಕೆ ಅಷ್ಟು ಸುಲಭಕ್ಕೆ ಹೂಂ ಅಂದದ್ದು ನೆನಪಿಲ್ಲ.

ಹಿಂದಿ ಮಾಸ್ತರರು ಮರುದಿನ ಟೊಪ್ಪಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಂದು ಚೀಲ ಸೀತನಿ ತಂದು ಒಪ್ಪಿಸಿದರಂತೆ. "ಟೊಪ್ಪಿಗಿ ತಿರುಗಿ ಕೊಡ್ರಿ ಅಂತ ಅಕ್ಕೋರು ಎಲ್ಲೂ ಹೇಳಿರಲಿಲ್ರಿ, ಸರ. ನಿಯಮಾ ಮುರೀಬಾರದಲ್ರಿ," ಎಂದರಂತೆ. ಅದೇ ವಿನಯ. ಹೆಡ್‌ಮಾಸ್ತರರು ಬೈಯಲು ಬಾಯಿ ತೆರೆದು, ಸೀತನಿ ಇನ್ನೂ ಮೆತ್ತಗಿರುವುದನ್ನು ಕಂಡು ಮುಚ್ಚಿದರಂತೆ. ಇದನ್ನೆಲ್ಲ ಅವರೇ ಟಿಕೋಟಾದ ಅಂಗಡಿಯಲ್ಲಿ ಕೂತು ಅಪ್ಪನಿಗೆ ಹೇಳಿದರು.

"ನಿಮ್ಮ ಮಗಳ ಕಂಪ್ಯೂಟರ ಚೊಲೋ ಐತ್ರಿ," ಎಂದರು ಕೊನೆಗೆ. "ನಮ್ಮ ಸಾಲಿಗೆ ಒಂದೀಟ ದೊಡ್ಡದಾತು."

ಅವರು ಹೋದ ಮೇಲೆ ಅಪ್ಪ ಅರಿವೆ ಅಳೆಯುವ ಗಜಕಡ್ಡಿಯನ್ನು ಒರೆಸಿಟ್ಟ. ನಂತರ ನನ್ನ ಕಡೆ ತಿರುಗಿ ಕೇಳಿದ: "ಅಲ್ಲವಾ, ಆ ಮುಂಬೈ ಮಶೀನಿನ್ಯಾಗೂ ಹಿಂಗ ಮಂದಿ ಇರ್ತಾರೇನು?"

ಮರುವರ್ಷ ಘೋಣಸಗಿಯ ಶಾಲೆಯಿಂದ ಕರೆ ಬಂತು. ಈ ಸಲ ಪಟ್ಟಿ, ಟೊಪ್ಪಿಗೆ ಏನೂ ಒಯ್ಯಲಿಲ್ಲ. ಕಪ್ಪು ಹಲಗೆಯ ಮುಂದೆ ನಿಂತು, ಬಾಣದ ಗುರುತು ಹಾಕಿ, ಒಂದೂ ನಿಯಮ ಬಿಡದೆ, ಕಳಚಿಡುವುದನ್ನು ಎರಡೆರಡು ಸಲ ಒತ್ತಿ ಹೇಳಿ ಪಾಠ ಮುಗಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಮಲಗಿದ್ದರು. ಕೊನೆಗೆ ಎಲ್ಲರೂ ಎದ್ದು ನಿಂತು, ಬಹಳ ಚೊಲೋ ಹೇಳಿದಿರಿ ಎಂದು ನನ್ನ ಕೊರಳಿಗೆ ಹಾರ ಹಾಕಿದರು.